ಗೌರಾಬಾಯಿಯ ನಾಲಿಗೆ

ಪುಣೆಯ ಸದಾಶಿವ ಪೇಠೆಯ ಹೆಂಗಸರು ಗೌರಾಬಾಯಿಯ ನಾಲಿಗೆಯ ಬಗ್ಗೆ ಎರಡು ಮಾತು ಆಡುತ್ತಿದ್ದರು. ಒಂದನ್ನು ಎಲ್ಲರೆದುರಿಗೇ ಆಡುತ್ತಿದ್ದರು: ಭಾರೀ ಹರಿತ, ನಲ್ಲಿಯ ಮುಂದೆ ಅವಳ ಕೊಡ ಸರಿಸಿ ನೋಡಿ, ಗೊತ್ತಾಗುತ್ತದೆ. ಇನ್ನೊಂದನ್ನು ಸೆರಗು ಬಾಯಿಗೆ ಅಡ್ಡ ಹಿಡಿದು ಆಡುತ್ತಿದ್ದರು: ಆ ನಾಲಿಗೆಯಿಂದಲೇ ಅವಳು ಹೊಟ್ಟೆ ಹೊರೆಯುತ್ತಾಳೆ, ವಾಡೆಯ ಹಿತ್ತಲಿನ ಕಾರ್ಖಾನೆಯಲ್ಲಿ ಕೂತು ಆ್ಯಸಿಡ್ ನೆಕ್ಕುತ್ತಾಳೆ. ಇದು ಶುದ್ಧ ಸುಳ್ಳು. ಗೌರಾಬಾಯಿ ಯಾವುದನ್ನೂ ನೆಕ್ಕುವವಳಲ್ಲ. ಧಾರವಾಡದ ಮಾಧ್ವರ ಮನೆಯಲ್ಲಿ ಹುಟ್ಟಿದವಳು. ಚಮಚದಿಂದ ಎರಡು ಹನಿಯನ್ನು ಎತ್ತಿ, ತುಟಿಗೆ ತಾಗದ ಹಾಗೆ ಬಾಯಿಗೆ ಬಿಟ್ಟುಕೊಳ್ಳುತ್ತಿದ್ದಳು. ಎಂಜಲಾಗಲಿಲ್ಲವಲ್ಲ, ಮತ್ತೇನು?

ಗಂಡ ತೀರಿಕೊಂಡ ಮೇಲೆ ಅವಳಿಗೆ ಆಸರೆಯಾದವನು ಗಂಡನ ಚಿಕ್ಕಪ್ಪನ ಮಗ ರಘುರಾಮ. ರಸಾಯನಶಾಸ್ತ್ರ ಓದಿದವನು. ಯುದ್ಧದಲ್ಲಿ ಸಕ್ಕರೆ ರೇಷನ್ ಕಾರ್ಡಿಗೆ ಸೇರಿದ್ದೇ ತಡ, ಹಿತ್ತಲಿನ ದನದ ಕೊಟ್ಟಿಗೆಯಲ್ಲಿ ಒಂದು ದೊಡ್ಡ ಮರದ ಬಾನಿ, ಒಂದು ಉಗಿಯ ಬಾಯ್ಲರು ಇಟ್ಟುಕೊಂಡು ಪಾಕ ತಯಾರಿಸಲು ಕೂತ. ಜೋಳದ ಹಿಟ್ಟಿನ ಗಂಜಿಗೆ ಚೂರು ಗಂಧಕಾಮ್ಲ ಹಾಕಿ ಉಗಿಯಲ್ಲಿ ಕುದಿಸಿದರೆ ಗಂಜಿಯೇ ಸಕ್ಕರೆಯಾಗುತ್ತದೆ. ಆಗಾಗ ಒಂದು ಹನಿ ತೆಗೆದು ತಟ್ಟೆಯ ಮೇಲೆ ಟಿಂಚರ್ ಅಯೋಡಿನ್ ಬಿಟ್ಟು ನೋಡುವುದು. ಮೊದಲು ಕಡುನೀಲಿ, ಆಮೇಲೆ ನೇರಳೆ, ಆಮೇಲೆ ಕೆಂಪು, ಕಡೆಗೆ ಬಣ್ಣವೇ ಇಲ್ಲ. ಬಣ್ಣ ಹೋಯಿತೆಂದರೆ ಗಂಜಿ ಹೋಯಿತು, ಸಕ್ಕರೆ ಬಂತು. ಆದರೆ ಆಮ್ಲ ಮಾತ್ರ ಹೋಗುವುದಿಲ್ಲ. ಮದುವೆ ಕುದುರಿಸಿದ ದಲ್ಲಾಳಿ ಮದುವೆ ಮುಗಿದ ಮೇಲೂ ಛತ್ರದಲ್ಲೇ ಉಳಿದುಕೊಳ್ಳುವ ಹಾಗೆ, ಕೆಲಸ ಮುಗಿಸಿಯೂ ಅದು ಅಲ್ಲೇ ಕೂತಿರುತ್ತದೆ. ಅದನ್ನು ಓಡಿಸಲು ಸೀಮೆಸುಣ್ಣದ ಪುಡಿ. ಪುಡಿ ಬಿದ್ದೊಡನೆ ಬಾನಿ ಬುಸುಗುಟ್ಟಿ ನೊರೆ ಅಂಚಿನ ತನಕ ಏರುತ್ತದೆ, ಆಮ್ಲ ಸಾಯುತ್ತದೆ, ಅದೂ ಸುಣ್ಣವೂ ಕೂಡಿ ಬಿಳಿಯ ರಾಡಿಯಾಗಿ ತಳಕ್ಕೆ ಕೂರುತ್ತವೆ. ಆಮ್ಲ ಪೂರ್ತಿ ಸತ್ತಿತೋ ಇಲ್ಲವೋ ಎಂದು ನೋಡುವ ಲಿಟ್ಮಸ್ ಕಾಗದ ಯುದ್ಧದ ಗದ್ದಲದಲ್ಲಿ ಸಿಗದಾಯಿತು. ರಘುರಾಮನ ನಾಲಿಗೆಯೋ, ಜರ್ದಾ ತಿಂದು ತಿಂದು ಮರಗಟ್ಟಿತ್ತು. ಹಾಗಾಗಿ ಆ ಕೆಲಸ ಅವನು ವೈನಿ ಎಂದು ಕರೆಯುವ ಅತ್ತಿಗೆಯ ಪಾಲಿಗೆ ಬಂತು. ಅವಳು ಎರಡು ಹನಿ ಬಾಯಿಗೆ ಬಿಟ್ಟುಕೊಂಡು, ಕಣ್ಣು ಮುಚ್ಚಿ, "ಇನ್ನೊಂದು ಮುಷ್ಟಿ ಸುಣ್ಣ ಬೇಕು" ಎಂದರೆ ಬೇಕು. "ಸಾಕು" ಎಂದರೆ ಪಾಕ ಡಬ್ಬಿಗೆ.

ಯುದ್ಧ ಮುಗಿದರೂ ಸಕ್ಕರೆ ಬರಲಿಲ್ಲ. ಕಾರ್ಖಾನೆ ನಡೆದೇ ಇತ್ತು. ಮರುವರ್ಷ ಬೇಸಿಗೆಯಲ್ಲಿ ಗೌರಾಬಾಯಿಯ ಒಬ್ಬಳೇ ಮಗಳು ಸುಲಭಾ ಬಾಣಂತನಕ್ಕೆಂದು ತಾಯಿಯ ಮನೆಗೆ ಬಂದಳು. ಮೊದಲೆರಡು ಬಸಿರು ಕೈಗೆ ಹತ್ತಿರಲಿಲ್ಲ. ಒಂದು ಐದರಲ್ಲಿ ಹೋಯಿತು, ಇನ್ನೊಂದು ಹುಟ್ಟಿ ಅತ್ತು ಹೋಯಿತು. ಎರಡನೆಯದನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟ ದಿನ ಗೌರಾಬಾಯಿ ದೇವರ ಮುಂದೆ ನಿಂತು ಹರಕೆ ಹೊತ್ತಳು. ಏಕಾದಶಿ ಅವಳಿಗೆ ಹೊಸದಲ್ಲ, ಆದರೆ ಅಲ್ಲಿಯ ತನಕ ನಡುವೆ ಒಂದು ಗುಟುಕು ನೀರು ಕುಡಿಯುತ್ತಿದ್ದಳು. ಇನ್ನು ಮೇಲೆ, ಮಗಳ ಕೂಸು ಉಸಿರಾಡುತ್ತಾ ಕೈಗೆ ಬರುವ ತನಕ, ಏಕಾದಶಿಯಂದು ಒಂದು ಹನಿಯೂ ನಾಲಿಗೆಯ ಮೇಲೆ ಬೀಳದು ಎಂದಳು. ಹನಿ ಬಿದ್ದರೆ ಕೂಸು ಬೇಡ ಎಂದ ಹಾಗೆ. ಹೀಗೆ ಮಾತು ಕೊಡಬಾರದಿತ್ತು ಎಂದು ನಾವು ನೀವು ಹೇಳಬಹುದು; ಹೆಣದ ಗಂಟು ಕೈಯಲ್ಲಿ ಹಿಡಿದವಳಿಗೆ ಅದು ಹೊಳೆಯುವುದಿಲ್ಲ. ಸುಲಭಾಗೂ ಆ ಹರಕೆಯ ಮೇಲೆ ಪೂರ್ತಿ ನಂಬಿಕೆ. ಈಗ ಏಳು ತಿಂಗಳು ತುಂಬಿತ್ತು, ಹೊಟ್ಟೆಯಲ್ಲಿ ಕೂಸು ಒದೆಯುತ್ತಿತ್ತು.

ಹಡಪಸರದ ದಾರಿಯಲ್ಲಿ ಉಡುಪಿ ಕಡೆಯ ಲೋಕನಾಥನದೊಂದು ಹೋಟೆಲು. ಜ್ಯೇಷ್ಠ ಬಹುಳದ ಏಕಾದಶಿಗೆ ಮಾವುಲಿಯ, ಅಂದರೆ ಜನ ತಾಯಿಯೆಂದೇ ಕರೆಯುವ ಸಂತ ಗ್ಯಾನಬಾನ, ಪಾಲಖಿ ಪುಣೆ ಬಿಟ್ಟು ದಿವೆ ಘಾಟಿನ ಕಡೆ ಅದೇ ದಾರಿಯಲ್ಲಿ ಹಾಯುತ್ತದೆ. ಸಾವಿರಾರು ವಾರಕರಿ ಯಾತ್ರಿಕರು ಉಪವಾಸದಲ್ಲಿ, ಬಿಸಿಲಲ್ಲಿ ನಡೆಯುತ್ತಾರೆ. ಅವರಿಗೆಲ್ಲ ಲಿಂಬೆಯ ಶರಬತ್ತು ಕೊಡಬೇಕೆಂದು ಲೋಕನಾಥನಿಗೆ ಆಸೆ. ಸಕ್ಕರೆ ಎಲ್ಲಿಂದ ತರಬೇಕು? ರಘುರಾಮನ ಹಳೆಯ ಗಿರಾಕಿ, ಅವನ ಬಳಿಗೇ ಬಂದ. ಉಪವಾಸಕ್ಕೆ ಜೋಳದ ಪಾಕ ನಡೆಯುವುದಿಲ್ಲ, ಧಾನ್ಯವಾಯಿತು. ಗೆಣಸಾದರೆ ನಡೆಯುತ್ತದೆ. ಒಣ ಗೆಣಸಿನ ಹಿಟ್ಟಿನಿಂದ ಪಾಕ ಮಾಡಿಕೊಡುವುದೆಂದು ಮಾತಾಯಿತು.

ದಶಮಿಯ ಸಂಜೆ ಬಾನಿ ಕುದಿಯಿತು. ಗೌರಾಬಾಯಿ ಅಂದು ದೇವಸ್ಥಾನದ ಅಡಿಗೆಮನೆಗೆ ನಿಂತವಳ ಹಾಗೆ ನಿಂತಿದ್ದಳು. ಬಾನಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಸಿದ್ದಳು, ಹೊಸ ಸೋಸುಬಟ್ಟೆ ಕಟ್ಟಿಸಿದ್ದಳು. ಅಯೋಡಿನ್ನಿನ ಬಣ್ಣ ಹೋಯಿತು. ಕೆಲಸದಾಳು ಬಾಳು ಮೂಲೆಯ ಸುಣ್ಣದ ಚೀಲಕ್ಕೆ ಕೈ ಹಾಕಿದ.

"ಅದನ್ನ ಮುಟ್ಟಬ್ಯಾಡ," ಎಂದಳು ಗೌರಾಬಾಯಿ. "ಜೋಳದ ಹಿಟ್ಟಿನ ಮಗ್ಗಲಿಗೇ ಬಿದ್ದದ. ಮೈತುಂಬ ಹಿಟ್ಟು ಕೂತದ. ನಾಳೆ ಏಕಾದಶಿ ಅದ, ಖಬರಿಲ್ಲೇನು? ಆ ಬಿಳೇ ಚೀಲ ತಗೋ, ಜಂತಿಗೆ ಕಟ್ಟಿದ್ದು."

ಜಂತಿಗೆ ಕಟ್ಟಿದ ಚೀಲ ಹೊಸದು, ಒಳಗಿನ ಪುಡಿ ಮಲ್ಲಿಗೆಯಷ್ಟು ಬೆಳ್ಳಗೆ. ರಘುರಾಮ ತಾನೇ ಅಳೆದು ಹಾಕಿದ. ನೊರೆ ಏಳಲಿಲ್ಲ. ಗೆಣಸಿನ ಪಾಕ ಮಂದ, ಅದಕ್ಕೇ ಇರಬೇಕು ಎಂದುಕೊಂಡ. ಗೌರಾಬಾಯಿಯೂ ನೋಡಿದಳು. ಅವಳ ಮನಸ್ಸು ಆಗಲೇ ನಾಳೆಯ ಪಾರಾಯಣದಲ್ಲಿತ್ತು.

"ವೈನಿ, ರುಚಿ?" ಎಂದ ರಘುರಾಮ.

"ದಶಮಿ ಒಪ್ಪತ್ತು ಮುಗಿಸಿ ಬಾಯಿ ತೊಳಕೊಂಡೀನೋ. ಇನ್ನ ದ್ವಾದಶಿಗೇ."

"ಇರಲಿ ಬಿಡ್ರಿ. ಅಳತಿ ಪ್ರಕಾರನ ಹಾಕೀನಿ."

ಹೀಗೆ ಪಾಕ ಯಾರ ನಾಲಿಗೆಯನ್ನೂ ಮುಟ್ಟದೆ ಡಬ್ಬಿ ಸೇರಿತು. ಬೆಳಗಿನ ಜಾವ ಬಾಳು ಗಾಡಿಯಲ್ಲಿ ಹೇರಿಕೊಂಡು ಹಡಪಸರಕ್ಕೆ ಮುಟ್ಟಿಸಿ ಬಂದ.

ಏಕಾದಶಿಯ ಬೆಳಿಗ್ಗೆ ಪೂಜೆ ಮುಗಿಸಿ ಗೌರಾಬಾಯಿ ಕೊಟ್ಟಿಗೆ ಗುಡಿಸಲು ಬಂದಳು. ಬಾನಿಯ ಒಳಮೈ ನೋಡಿದಳು. ಪ್ರತಿಸಲ ನೊರೆ ಇಳಿದ ಮೇಲೆ ಅಂಚಿನ ಕೆಳಗೆ ಬಿಳಿಯ ಬಳೆಯಂಥ ಗೆರೆ ಉಳಿಯುತ್ತದೆ. ಅದನ್ನು ತಿಕ್ಕುವುದೇ ಒಂದು ರಗಳೆ. ಇಂದು ಗೆರೆಯೇ ಇರಲಿಲ್ಲ. ಪೊರಕೆ ಕೈಯಲ್ಲೇ ಉಳಿಯಿತು. ಮೂಲೆಯ ಸುಣ್ಣದ ಚೀಲಕ್ಕೆ ಹಾಕಿದ ಹೊಲಿಗೆ ಬಿಚ್ಚಿರಲಿಲ್ಲ. ಬಿಳಿಯ ಚೀಲ ಅರ್ಧ ಇಳಿದಿತ್ತು.

"ಬಾಳೂ, ಈ ಚೀಲ ಎಲ್ಲೀದೋ?"

"ತಳದ ರಾಡಿ ಅಲ್ಲೇನ್ರಿ? ತೊಳದು ಒಣಗಿಸಿ ನಾನ ತುಂಬಿ ಇಟ್ಟಿದ್ದೆ, ಗೋಡಿಗೆ ಗಿಲಾಯಿ ಮಾಡವ್ರಿಗೆ ಕೊಡಾಕ," ಎಂದ ಬಾಳು. "ನಿನ್ನಿ ನೀವ ತಗೋ ಅಂದ್ರಿ. ದೊಡ್ಡವರು ಅಂದಮ್ಯಾಲೆ…"

ಅವಳು ಚೀಲದ ಬಾಯಿ ಬಿಚ್ಚಿದಳು. ಒಂದು ಚಿಟಿಕೆ ಪುಡಿಯನ್ನು ಬಶಿಯಲ್ಲಿ ಹಾಕಿ ಶೀಷೆಯಿಂದ ಎರಡು ಹನಿ ಆಮ್ಲ ಬಿಟ್ಟಳು. ಬುಸುಗುಡಬೇಕಿತ್ತು. ಪುಡಿ ಸುಮ್ಮನೆ ತೊಯ್ದು ಕೂತಿತು. ಸತ್ತ ಸುಣ್ಣ, ಒಮ್ಮೆ ಆಮ್ಲ ಕುಡಿದು ಮುಗಿಸಿದ್ದು. ಮಡಿ ಎಂದು, ಸ್ವಚ್ಛ ಎಂದು ತನ್ನ ಬಾಯಿಂದಲೇ ತೋರಿಸಿದ್ದಳು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ರಘುರಾಮ ಓಡಿ ಬಂದ. ಬಶಿ ನೋಡಿದವನೇ ಬಿಳುಚಿಕೊಂಡ. ಆದರೂ, "ನೀರು ಭಾಳ ಬೆರಸ್ತಾರ ವೈನಿ. ಹುಳಿ ಅಂತೂ ಲಿಂಬಿ ಹುಳಿಯೊಳಗ ಮುಚ್ಚಿ ಹೋಗ್ತದ. ಏನೂ ಆಗಂಗಿಲ್ಲ ಬಿಡ್ರಿ," ಎಂದ. ಆಮೇಲೆ ಬಾಳುವಿನ ಕಡೆ ತಿರುಗಿದ. "ಯಾವುದರಾಗ ಕಲಸ್ತಾನ ಅಂವ?"

"ತಾಮ್ರದ ಹಂಡೇದಾಗ್ರಿ, ಎರಡು ದೊಡ್ಡಾವು," ಎಂದ ಬಾಳು. "ನಾ ಇದ್ದಾಗನ ಬಿಸಿನೀರಾಗ ಪಾಕ ಸುರದ್ರು."

"ಕಲಾಯಿ?"

ಯುದ್ಧದಲ್ಲಿ ತವರ ಸಿಗದಾದ ಮೇಲೆ ಊರಿನ ಯಾವ ಹಂಡೆಗೆ ಕಲಾಯಿ ಇತ್ತು? ಬರಿಯ ತಾಮ್ರ, ಬಿಸಿನೀರು, ಗಂಧಕಾಮ್ಲ, ಬೆಳಗಿನ ಜಾವದಿಂದ.

"ವಿಷ ಅದು," ಎಂದ ರಘುರಾಮ. "ಖಾಲಿ ಹೊಟ್ಟಿ ಮ್ಯಾಲೆ ಕುಡದರ…" ಅವನು ತಲೆ ಹಿಡಿದುಕೊಂಡು ಕೂತ.

ಗೌರಾಬಾಯಿ ಪೊರಕೆ ಎಸೆದಳು. "ಕೂತರ ನಡಿಯಂಗಿಲ್ಲ, ಏಳು. ಟಾಂಗಾ ಹಿಡಿ." ಸುಲಭಾ ಬಾಗಿಲಿಗೆ ಬಂದು, "ಎಲ್ಲಿಗವ್ವಾ, ಈ ಬಿಸಲಾಗ, ನೀರಿಲ್ಲದ?" ಎಂದಳು. "ಈಗ ಬಂದೆ" ಎಂದಷ್ಟೇ ಹೇಳಿ ತಾಯಿ ಹೊರಟಳು.

ಟಾಂಗಾ ಸ್ವಾರಗೇಟಿನ ತನಕ ಓಡಿತು. ಪುಲಗೇಟಿನ ಹತ್ತಿರ ಬೀದಿ ತುಂಬಿಹೋಗಿತ್ತು. ತಾಳ, ಮೃದಂಗ, ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಹೆಂಗಸರು, ಬಣ್ಣದ ನಿಶಾನಿಗಳು, "ಗ್ಯಾನಬಾ ತುಕಾರಾಮ" ಎಂಬ ಒಂದೇ ದನಿ. ಟಾಂಗಾದವನು ಕೈಚೆಲ್ಲಿದ. ಇಬ್ಬರೂ ಇಳಿದರು. ಪಾಲಖಿಯ ಹಿಂದಿನಿಂದ ಹೋದರೆ ಮುಗಿಯಿತು. ಅದನ್ನು ದಾಟಿ ಮುಂದೆ ಹೋಗಬೇಕು. ಗೌರಾಬಾಯಿ ಸೆರಗು ಬಿಗಿದು ಜನರ ನಡುವೆ ನುಗ್ಗಿದಳು. "ಸರಕಾ ಹೋ, ಜರಾ ಸರಕಾ!" ಎನ್ನುತ್ತಾ ಮೊಣಕೈ ಹಾಕಿದಳು. ಮುದುಕ ವಾರಕರಿಯೊಬ್ಬ ತನ್ನ ತಂಬಿಗೆ ಚಾಚಿ, "ಪಾಣಿ ಘ್ಯಾ, ಮಾವುಲಿ," ಎಂದ. ಅವಳ ನಾಲಿಗೆ ಅಂಗುಳಕ್ಕೆ ಅಂಟಿತ್ತು. ತಲೆಯಾಡಿಸಿ ಮುಂದೆ ಹೋದಳು. ಈ ಮುದುಕ ಇನ್ನು ಸ್ವಲ್ಪ ಹೊತ್ತಿಗೆ ಲೋಕನಾಥನ ಹಂಡೆಯ ಮುಂದೆ ನಿಲ್ಲುತ್ತಾನೆ. ಹಾಗೆಂದು ಹೊಳೆದದ್ದೇ ಅವಳು ಓಡತೊಡಗಿದಳು. ನಲವತ್ತು ದಾಟಿದ ಹೆಂಗಸು, ರಸ್ತೆಯಲ್ಲಿ, ಎಲ್ಲರೆದುರು ಓಡಿದಳು.

ಹೋಟೆಲಿನ ಮುಂದೆ ಮಾವಿನ ತೋರಣ, ರಂಗೋಲಿ. ಚಪ್ಪರದ ಕೆಳಗೆ ಎರಡು ಹಂಡೆ, ಬಿಳಿ ಪಂಚೆ ಮುಚ್ಚಿದ್ದರು. ಮೊದಲ ದಿಂಡಿಯ ಭಜನಾ ತಂಡದ ಜನ ಆಗಲೇ ಸಾಲು ಹಿಡಿದು ನೆರಳಲ್ಲಿ ಕೂತಿದ್ದರು. ಲೋಕನಾಥ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ, ಬೆಳ್ಳಿಯ ಲೋಟ ಹಿಡಿದು ರಸ್ತೆ ನೋಡುತ್ತಿದ್ದ. ಪಾಲಖಿಗೆ ನೈವೇದ್ಯವಾದ ಮೇಲೆಯೇ ಜನಕ್ಕೆ.

"ಕೊಡಬ್ಯಾಡ್ರಿ," ಎಂದಳು ಗೌರಾಬಾಯಿ, ಏದುಸಿರು ಬಿಡುತ್ತಾ. "ಚೆಲ್ಲಿಬಿಡ್ರಿ. ಪಾಕದಾಗ ಆಮ್ಲ ಉಳದದ."

ಲೋಕನಾಥ ಮೊದಲು ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಂತಿತು. "ಎಂತ ಹೇಳ್ತೀರಿ ಮಾರಾಯ್ರೆ? ಈಗ ಚೆಲ್ಲುದಾ? ಜನ ಕೂತಿದ್ದಾರೆ. ರಘುರಾಮ್ರೆ, ನೀವು ಓದಿದವರು, ಹೇಳಿ. ಖಾತ್ರಿ ಉಂಟಾ?"

ರಘುರಾಮ ಸುತ್ತಲಿನ ಜನರನ್ನು ನೋಡಿದ. ಇಲ್ಲಿ ವಿಷ ಎಂಬ ಮಾತು ಬಾಯಿಂದ ಬಿದ್ದರೆ ನಾಳೆಯಿಂದ ಅವನ ಪಾಕವನ್ನು ನಾಯಿಯೂ ಮೂಸದು. "ಹಂಗ… ಪೂರ್ತಿ ಖಾತ್ರಿ ಅಂದ್ರ…" ಎಂದು ತಡವರಿಸಿದ. "ಲಿಂಬಿ ಹಿಂಡೀರೇನು?"

"ಈಗಷ್ಟೇ ಹಿಂಡಿ ಆಯ್ತು. ತಾಮ್ರ ಅಲ್ವಾ, ಕಡೆಗೇ ಹಿಂಡುದು."

"ಡಬ್ಬಿ? ಅದರಾಗ ಏನರೆ ಉಳದದೇನು, ಪರೀಕ್ಷಾ ಮಾಡಲಿಕ್ಕೆ?"

"ಎಂತ ಉಳಿಯುದು? ನೀರು ಹಾಕಿ ತೊಳೆದು ಅದನ್ನೂ ಹಂಡೆಗೇ ಹಾಕಿದ್ದು. ಸಿಹಿ ಹಾಳು ಮಾಡುವ ಕಾಲವಾ ಇದು?"

ಲಿಂಬೆ ಬಿದ್ದ ಮೇಲೆ ಸೋಡಾ ಹಾಕಿದರೂ ನೊರೆ ಬರುತ್ತದೆ, ಸುಣ್ಣ ಹಾಕಿದರೂ ನೊರೆ ಬರುತ್ತದೆ. ಯಾವ ಹುಳಿ ಯಾವುದೆಂದು ಪುಡಿ ಹೇಳುವುದಿಲ್ಲ. ಹೇಳುವುದು ನಾಲಿಗೆ ಮಾತ್ರ. ಲೋಕನಾಥ ರುಚಿ ನೋಡನು. ನೈವೇದ್ಯಕ್ಕೆ ಮೊದಲು ಬಾಯಿಗೆ ಹಾಕುವ ಪಾಪ ಅವನಿಂದಾಗದು. ಅವನ ಅಡಿಗೆಯವರೂ ಅದೇ ಕಾರಣಕ್ಕೆ ನೋಡಿರಲಿಲ್ಲ. ನೋಡಿದರೂ ಲಿಂಬೆ ಜಾಸ್ತಿಯಾಯಿತು ಎನ್ನುತ್ತಿದ್ದರು, ಅಷ್ಟೆ. ಬಾನಿಯಿಂದ ಹಂಡೆಯ ತನಕ ಎಲ್ಲರೂ ಭಕ್ತಿಯಿಂದ ಬಾಯಿ ಮುಚ್ಚಿಕೊಂಡಿದ್ದರು.

ದೂರದಲ್ಲಿ ತುತ್ತೂರಿ ಕೇಳಿತು. ಕುಳಿತ ಜನ ಎದ್ದರು. "ಆಲೀ, ಆಲೀ, ಮಾವುಲಿ ಆಲೀ!"

ಲೋಕನಾಥ ಲೋಟ ಮುಳುಗಿಸಲು ಪಂಚೆ ಸರಿಸಿದ. "ನೀವು ಸುಮ್ಮನೆ ಹೆದರಿದ್ದೀರಿ ಬಾಯಿ. ಏನಾಗುದಿಲ್ಲ."

ಗೌರಾಬಾಯಿಯ ಕಣ್ಣ ಮುಂದೆ ಬಂದದ್ದು ಆ ಬಟ್ಟೆಯ ಗಂಟು. ಎಷ್ಟು ಹಗುರವಿತ್ತು ಅದು. ಇನ್ನೆರಡು ತಿಂಗಳು, ಇಷ್ಟು ದಿನ ಒಂದು ಹನಿ ತಪ್ಪಿಸಿಲ್ಲ. ಸುಮ್ಮನಿದ್ದರೆ ಯಾರು ಕೇಳುತ್ತಾರೆ? ಹೇಳಬೇಕಾದ್ದನ್ನು ಹೇಳಿಯಾಗಿತ್ತು, ಅವರು ನಂಬಲಿಲ್ಲ, ಅಷ್ಟೆ. ಸಾಲಿನ ಮುಂದೆ ಒಬ್ಬ ಎಳೆ ಹರೆಯದ ಹೆಂಗಸು ಕಂಕುಳಲ್ಲಿ ಕೂಸು ಹಿಡಿದು, ಇನ್ನೊಂದು ಕೈಯಲ್ಲಿ ಹಿತ್ತಾಳೆಯ ವಾಟಿ ಚಾಚಿ ನಿಂತಿದ್ದಳು. ತನಗಲ್ಲ, ಕೂಸಿಗೆ.

"ಅಯ್ಯೋ ದೇವರೇ, ನನ್ನ ಹಿಂಗ ನಿಲ್ಲಿಸಬಾರದಿತ್ತು ನೀನು," ಎಂದಳು ಗೌರಾಬಾಯಿ. ಜೋರಾಗಿಯೇ ಎಂದಳು. ಲೋಕನಾಥನ ಕೈಯಿಂದ ಲೋಟ ಕಸಿದು, ಹಂಡೆಯಲ್ಲಿ ಮುಳುಗಿಸಿ, ತಲೆ ಹಿಂದಕ್ಕೆ ಚೆಲ್ಲಿ, ಮೇಲೆತ್ತಿ ಬಾಯಿಗೆ ಬಿಟ್ಟುಕೊಂಡಳು.

ಮೊದಲು ಲಿಂಬೆ. ಆಮೇಲೆ ಗೆಣಸಿನ ಸಿಹಿ. ಅವೆರಡೂ ಇಳಿದು ಹೋದವು. ಅವುಗಳ ಅಡಿಯಲ್ಲಿದ್ದದ್ದು ಇಳಿಯಲಿಲ್ಲ. ಹಲ್ಲಿನ ಬುಡಕ್ಕೆ ಹತ್ತಿ ಚುಳ್ಳೆಂದಿತು, ನಾಲಿಗೆಯ ಅಂಚು ಒರಟಾಯಿತು, ಗಂಟಲಲ್ಲಿ ಹಳೆಯ ಕಾಸು ಚೀಪಿದ ಹಾಗೆ ಕಿಲುಬಿನ ಕಹಿ. ಉಗುಳಿದಳು.

"ಆಮ್ಲ. ಮತ್ತ ತಾಮ್ರ. ಚೆಲ್ರಿ."

ಲೋಕನಾಥ ಲೋಟವನ್ನಲ್ಲ, ಅವಳ ಬಾಯನ್ನು ನೋಡುತ್ತಿದ್ದ. ಈಕೆ ಏಕಾದಶಿಗೆ ಹನಿ ನೀರು ಮುಟ್ಟದವಳೆಂದು ಅವನಿಗೆ ಗೊತ್ತಿತ್ತು. ಎಷ್ಟೋ ಸಲ ಅದಕ್ಕಾಗಿ ಕೈಮುಗಿದಿದ್ದ. ಹಂಡೆಗೆ ಭುಜ ಕೊಟ್ಟು ದೂಡಿದ. ರಘುರಾಮ ಎರಡನೆಯದಕ್ಕೆ ಕೈ ಹಾಕಿದ. ಶರಬತ್ತು ರಂಗೋಲಿಯನ್ನು ಕೊಚ್ಚಿಕೊಂಡು ಗಟಾರಕ್ಕೆ ಹರಿಯಿತು. ಜನ ಬೈದರು, ಅನ್ನಪೂರ್ಣೆಗೆ ಒದ್ದರು ಎಂದರು, ಒಬ್ಬ ಲೋಕನಾಥನ ಕಡೆ ಕಲ್ಲು ಬೀಸಿದ. ಖಾಲಿ ಹಂಡೆಯ ತಳ ಬಿಸಿಲಿಗೆ ಹೊಸ ಕಾಸಿನ ಹಾಗೆ ಹೊಳೆಯುತ್ತಿತ್ತು; ಆಮ್ಲ ತಿಕ್ಕಿ ಬೆಳಗಿಬಿಟ್ಟಿತ್ತು. ಲೋಕನಾಥ ಅದನ್ನು ಎತ್ತಿ ಎಲ್ಲರಿಗೂ ತೋರಿಸಿದ ಮೇಲೆ ಗದ್ದಲ ತಗ್ಗಿತು. ಆ ವರ್ಷ ಅವನ ಹೋಟೆಲಿನ ಮುಂದೆ ಮಾವುಲಿಗೆ ಬಾವಿಯ ನೀರಿನ ನೈವೇದ್ಯವಾಯಿತು.

ಮನೆಗೆ ಬಂದು ಗೌರಾಬಾಯಿ ಮಗಳ ಮುಂದೆ ಕೂತು ಎಲ್ಲ ಹೇಳಿದಳು. ಮುಚ್ಚಿಡುವುದು ಅವಳಿಗೆ ಬಾರದು.

ಸುಲಭಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳಿದಳು. "ಬ್ಯಾರೆ ಯಾರಿಗೂ ಬಾಯಿ ಇರಲಿಲ್ಲೇನವ್ವಾ?" ಎಂದಳು. ಗೋಡೆಯ ಕಡೆ ತಿರುಗಿ ಮಲಗಿದಳು. ಅಂದಿನಿಂದ ತಾಯಿಯೊಡನೆ ಮಾತು ಬಿಟ್ಟಳು. ತಾಟು ಮುಂದಿಟ್ಟರೆ ಉಣ್ಣುವಳು, ಎಣ್ಣೆ ಹಚ್ಚಿದರೆ ಹಚ್ಚಿಸಿಕೊಳ್ಳುವಳು. ಮಾತಿಲ್ಲ. ಬೈದಿದ್ದರೆ ಗೌರಾಬಾಯಿ ತಡೆದುಕೊಳ್ಳುತ್ತಿದ್ದಳು. ಬೈಗುಳಕ್ಕೆ ಬೈಗುಳ ಕೊಡುವುದು ಅವಳಿಗೆ ಗೊತ್ತು. ಈ ಮೌನಕ್ಕೆ ಏನು ಕೊಡಬೇಕೆಂದು ಗೊತ್ತಾಗಲಿಲ್ಲ. ಮಗಳು ನಿದ್ದೆಯಲ್ಲಿ ನರಳಿದರೆ ಎದ್ದು ಕೂರುವಳು. ಕೂಸು ಒದ್ದಿತೇ ಎಂದು ಕೇಳುವ ಧೈರ್ಯವಿಲ್ಲದೆ ಅವಳ ಸೀರೆಯ ನೆರಿಗೆ ಅಲುಗುತ್ತದೆಯೇ ಎಂದು ದೂರದಿಂದ ನೋಡುವಳು. ಏಕಾದಶಿಗಳನ್ನು ಮೊದಲಿಗಿಂತ ಕಟುವಾಗಿ ಮಾಡಿದಳು. ಆದರೆ ದೇವರ ಮುಂದೆ ನಿಂತಾಗ ಏನು ಬೇಡಬೇಕೆಂದು ತಿಳಿಯದೆ ಹಾಗೇ ನಿಂತು ಬರುವಳು. ಕಾರ್ಖಾನೆಯಲ್ಲಿ ರಘುರಾಮ ಸತ್ತ ಸುಣ್ಣಕ್ಕೆ ಬೇರೆ ಕೋಣೆ ಕಟ್ಟಿಸಿದ, ಲಿಟ್ಮಸ್ ಎಲ್ಲಿಂದಲೋ ಹುಡುಕಿ ತಂದ. ಆದರೂ ಕಡೆಗೆ, "ವೈನಿ, ರುಚಿ?" ಎನ್ನುವನು. ಅವಳು ನೋಡಿ ಹೇಳುವಳು. ಹಲ್ಲಿನ ಬುಡದಲ್ಲಿ ಆ ಚುಳುಕು ಇನ್ನೂ ಇದೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಭಾದ್ರಪದದಲ್ಲಿ, ಬೀದಿಯಲ್ಲಿ ಗಣಪತಿಯ ಚಪ್ಪರ ಬಿಚ್ಚುತ್ತಿದ್ದಾಗ, ಸುಲಭಾಗೆ ನೋವು ಬಂತು. ಒಳಗೆ ಸೂಲಗಿತ್ತಿ, ಹೊರಗೆ ಗೌರಾಬಾಯಿ. ವಿಧವೆ ಬಾಗಿಲಿಗೆ ಎದುರಾಗಬಾರದೆಂದು ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದಳು. ಮಗಳ ಕೂಗು ಒಮ್ಮೆ ನಿಂತಿತು. ಏನೂ ಕೇಳಲಿಲ್ಲ. ಆಮೇಲೆ ಕೂಸು ಅತ್ತಿತು. ಹಿಂದಿನದೂ ಅತ್ತಿತ್ತು, ಆದ್ದರಿಂದ ಅವಳು ಕಂಬ ಬಿಡಲಿಲ್ಲ. ಅದು ಅಳುತ್ತಲೇ ಇತ್ತು, ವಾಡೆಯೆಲ್ಲ ಕೇಳುವ ಹಾಗೆ ಅಳುತ್ತಲೇ ಇತ್ತು.

ಹುಟ್ಟಿದ ಕೂಸಿಗೆ ಮೊದಲು ಜೇನು ನೆಕ್ಕಿಸುವುದು ಮುತ್ತೈದೆಯ ಕೆಲಸ. ಅಳಿಯ ಅವಧೂತ ಮಂಡಯಿ ಮಾರುಕಟ್ಟೆಗೆ ಓಡಿ ಒಂದು ಶೀಷೆ ಜೇನು ತಂದ. ಪಕ್ಕದ ಮನೆಯ ರಾಧಾಬಾಯಿ ಸೀರೆ ಬದಲಿಸಿ ಬಂದಿದ್ದಳು. ಒಳಗಿನಿಂದ ಸುಲಭಾಳ ದನಿ ಕೇಳಿತು. ಸೋತ ದನಿ, ಆದರೆ ಗಟ್ಟಿಯಾಗಿತ್ತು.

"ಅವ್ವಾ, ಒಳಗ ಬಾ. ಜೇನು ನೀನ ತಿನಸು."

"ನಾನು ಹೆಂಗವ್ವಾ…"

"ಮೊದಲ ನೀ ರುಚಿ ನೋಡು. ನೀ ನೋಡಲಾರದ್ದು ನನ್ನ ಕೂಸಿನ ಬಾಯಿಗೆ ಬೀಳಬಾರದು."

ಗೌರಾಬಾಯಿ ಒಳಗೆ ಹೋದಳು. ಕೂಸು ಕೆಂಪಗೆ, ಮುಷ್ಟಿ ಬಿಗಿದು, ಉಸಿರಾಡುತ್ತಾ ಮಲಗಿತ್ತು. ಶೀಷೆಯಿಂದ ಎರಡು ಹನಿಯನ್ನು ಚಮಚಕ್ಕೆ ಹಾಕಿ ಎತ್ತಿ ಬಾಯಿಗೆ ಬಿಟ್ಟುಕೊಂಡಳು. ಕಣ್ಣು ಮುಚ್ಚಿದಳು. ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಅವಧೂತ ಮುಖ ತಿರುಗಿಸಿದ. ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನಗುತ್ತಿದ್ದಳು.

"ಇದು ಜೇನಲ್ರೀ ಅಳಿಯಂದ್ರ. ನಮ್ಮ ಪಾಕ. ಜೋಳದ್ದು. ವಾಸನಿಗೆ ಮ್ಯಾಲೆ ಎರಡು ಹನಿ ಜೇನು ಬಿಟ್ಟಾರ, ಕಳ್ಳರು."

ಅವಧೂತ ನಾಚಿ ಕೈ ಚಾಚಿದ. "ಕೊಡ್ರಿ, ಚೆಲ್ಲಿ ಬರ್ತೀನಿ."

"ಯಾಕ ಚೆಲ್ಲತೀರಿ? ಸುಣ್ಣ ಚಲೋ ಬಿದ್ದದ. ಹುಳಿ ಒಂದೀಟೂ ಇಲ್ಲ."

ಕಿರುಬೆರಳನ್ನು ಅದ್ದಿ ಕೂಸಿನ ನಾಲಿಗೆಗೆ ಮುಟ್ಟಿಸಿದಳು. ಕೂಸು ಅಳು ನಿಲ್ಲಿಸಿ ಚಪ್ಪರಿಸಿತು, ಮತ್ತೆ ಬಾಯಿ ತೆರೆಯಿತು. ಸುಲಭಾ ತಾಯಿಯ ಸೆರಗಿನ ತುದಿ ಹಿಡಿದುಕೊಂಡು ಹಾಗೇ ನಿದ್ದೆ ಹೋದಳು.